ಹದಿನಾಲ್ಕು ತೂತಿನ ಮೇಜು

ಹಾನುಬಾಳು

ಜೀವನದಲ್ಲಿ ನನಗೆ ಬಂದ ಪ್ರೈಜ್ ಒಂದೇ. ಎಂಟನೇ ಕ್ಲಾಸಿನಲ್ಲಿ ರೆಸಿಟೇಶನ್‌ಗೆ ಸಿಸ್ಟರ್ ಒದಿಲ್ ಕೊಟ್ಟ ಒಂದು ಪಿಕ್ಚರ್ ಪೋಸ್ಟ್‌ಕಾರ್ಡ್. ಅದರಲ್ಲಿ ಒಂದು ಕಲ್ಲಿನ ಮನೆ. ಮೂರಂತಸ್ತು, ಎತ್ತರದ ಕಿಟಕಿಗಳು, ಹೆಬ್ಬಾಗಿಲ ಮೇಲೆ ಬಾಯಲ್ಲಿ ಬಳೆ ಕಚ್ಚಿಕೊಂಡ ಕಂಚಿನ ಸಿಂಹ. ಫ್ರಾನ್ಸಿನ ಒಂದು ನದೀತೀರದ ಊರಿನಲ್ಲಿರುವ ಆ ಮನೆಯಲ್ಲೇ ಸಿಸ್ಟರ್ ಹುಡುಗಿಯಾಗಿದ್ದಾಗ ಓದಿದ್ದಂತೆ. ಆಗ ಅದು ಕನ್ಯಾಸ್ತ್ರೀಯರ ಶಾಲೆ. "ಒನ್ ಡೇ ಯು ವಿಲ್ ಗೋ ಅಂಡ್ ನಾಕ್, ಮೈ ಡಿಯರ್," ಅಂದಿದ್ದರು. ಕಾಫಿ ತೋಟದ ಹುಡುಗಿಗೆ ಹಾಗೆ ಹೇಳುವ ಧೈರ್ಯ ಅವರಿಗಿತ್ತು. ನಂಬುವ ದಡ್ಡತನ ನನಗಿತ್ತು.

ಹೊಲಿಗೆ ಕ್ಲಾಸಿನಲ್ಲಿ ನಾವು ಗಲಾಟೆ ಮಾಡಿದರೆ ಆ ಮನೆಯ ಅಟ್ಟದ ಕಥೆ ಬರುತ್ತಿತ್ತು. ಅಟ್ಟದಲ್ಲಿ ಎರಡು ಉದ್ದನೆಯ ಮೇಜುಗಳಂತೆ, ಮೇಜಿನ ತುಂಬ ತೂತುಗಳಂತೆ. ಹಿಂದಿನ ಕಾಲದಲ್ಲಿ ಕೈದಿಗಳನ್ನು ಅಲ್ಲಿ ಕೂರಿಸಿ, ತೂತಿನ ಮೂಲಕ ಸರಪಳಿ ಇಳಿಸಿ ಬಿಗಿಯುತ್ತಿದ್ದರಂತೆ. ಅವರ ಮಣಿಕಟ್ಟು ತಿಕ್ಕಿ ತಿಕ್ಕಿ ಮರವೇ ಸವೆದು ಹಳ್ಳ ಬಿದ್ದಿತ್ತಂತೆ. ಅದನ್ನು ಕೇಳಿದ ಮೇಲೆ ಕ್ಲಾಸಿನಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು.

ಸಿಸ್ಟರ್ ಹೋಗಿ ಬಹಳ ವರ್ಷವಾಯಿತು. ಕಾನ್ವೆಂಟಿನ ಹಿಂದೆ, ಗೇರುಮರದ ಕೆಳಗೆ ಮಲಗಿದ್ದಾರೆ. ನನಗೆ ಎಪ್ಪತ್ನಾಲ್ಕು ತುಂಬಿದ ದಿನ ಪೋಸ್ಟ್‌ಕಾರ್ಡ್ ತೆಗೆದು ನೋಡಿದೆ, ಸಿಂಹ ಇನ್ನೂ ಬಳೆ ಕಚ್ಚಿಕೊಂಡೇ ಇತ್ತು. ಮಗಳು ಶಾಲಿನಿ ಕಂಪ್ಯೂಟರಿನಲ್ಲಿ ಹುಡುಕಿ, "ಮಮ್ಮಿ, ಮನೆ ಈಗಲೂ ಇದೆ, ನೋಡಿಕೊಳ್ಳೋಕೆ ಒಬ್ಬರು ಮದಾಮ್ ಸಿಲ್ವಿ ಅಂತ ಇದ್ದಾರೆ," ಅಂದಳು. ಕಾಗದ ಬರೆದೆ. ಬನ್ನಿ ಅಂತ ಉತ್ತರ ಬಂತು.

ನನ್ನ ಜೊತೆ ಬರಬೇಕಿದ್ದವಳು ತಂಗಿ ಪ್ರಮೀಳ. ಅವಳ ಮಂಡಿಗೆ ಆಪರೇಷನ್ ಆಯಿತು. ಶಾಲಿನಿಗೆ ತೋಟ ಬಿಟ್ಟು ಬರಲಾಗದು. ನಮ್ಮ ಆಸುಪಾಸಿನಲ್ಲಿ ಪಾಸ್‌ಪೋರ್ಟ್ ಇದ್ದ, ಪುರುಸೊತ್ತಿದ್ದ ಹೆಂಗಸು ಅಂದರೆ ಒಬ್ಬಳೇ: ಗಂಗಮ್ಮ. ಅವಳ ಮಗಳು ಮಸ್ಕತ್‌ನಲ್ಲಿ ನರ್ಸ್, ಬಾಣಂತನಕ್ಕೆ ಅಂತ ಗಂಗಮ್ಮ ಒಮ್ಮೆ ವಿಮಾನ ಹತ್ತಿ ಬಂದವಳು. ನಾನಿನ್ನೂ ಹತ್ತಿರಲಿಲ್ಲ.

ಗಂಗಮ್ಮನ ಪರಿಚಯ ಹೇಳಬೇಕು. ಮದುವೆಗೆ ಮುಂಚೆ ಅವಳು ಕಾಫಿ ಹದ ಮಾಡುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿಬೀಜ ಆರಿಸುತ್ತಿದ್ದಳು. ಅದು ಮುಚ್ಚಿದಾಗ ನಮ್ಮ ಮಾವನವರು ಅಲ್ಲಿನ ಒಂದು ಆರಿಸುವ ಮೇಜನ್ನು ತಂದು ನಮ್ಮ ಎಸ್ಟೇಟ್ ಸ್ಟೋರಿನಲ್ಲಿ ಹಾಕಿಸಿದರು. ಗಂಗಮ್ಮ ಮೇಜಿನ ಜೊತೆಗೇ ಬಂದವಳು ಅಂತ ತಮಾಷೆ ಮಾಡುತ್ತಿದ್ದರು. ಆಮೇಲೆ ನಲವತ್ತು ಸೀಸನ್ ಆ ಸ್ಟೋರಿನ ಹೆಂಗಸರಿಗೆಲ್ಲ ಅವಳೇ ಮೇಸ್ತ್ರಿ. ಎರಡು ವರ್ಷದ ಹಿಂದೆ ನಾನು ಸ್ಟೋರನ್ನು ಹೋಂಸ್ಟೇ ಗೆಸ್ಟ್‌ಗಳ ಡೈನಿಂಗ್ ಹಾಲ್ ಮಾಡಿದೆ. ಮೇಜಿಗೆ ಪಾಲಿಷ್ ಹೊಡೆಸಿದೆ. ಬೆಂಗಳೂರಿನವರು ಅದರ ತೂತುಗಳಲ್ಲಿ ಜ್ಯೂಸ್ ಗ್ಲಾಸ್ ಇಟ್ಟು ಫೋಟೋ ತೆಗೆಯುತ್ತಾರೆ. ಬೀಜ ಆರಿಸುವುದು ಹಿಂದಿನ ಶೆಡ್ಡಿಗೆ, ನೆಲದ ಮೇಲೆ ಟಾರ್ಪಾಲಿಗೆ ಹೋಯಿತು. ಗಂಗಮ್ಮ ತನ್ನ ಮೊರ ಎತ್ತಿಕೊಂಡು ಅಲ್ಲಿ ಹೋಗಿ ಕೂತಳು.

"ಫ್ರಾನ್ಸಿಗೆ ಬರ್ತೀಯಾ?" ಅಂತ ಕೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಅಕ್ಕಿ ಸಿಕ್ತದಾ ಅಮ್ಮೋರೆ?"

"ಸಿಗುತ್ತೆ."

"ಅಂಗಾದ್ರೆ ನಡೀರಿ."

ಪ್ಯಾರಿಸ್, ವಿಮಾನ ನಿಲ್ದಾಣ

ನಮ್ಮ ಮೊದಲ ಅಪಮಾನ ಎಲೆಅಡಿಕೆಯದು. ಗಂಗಮ್ಮ ಸೊಂಟದ ಸಂಚಿಯಲ್ಲಿ ಒಂದು ಕಟ್ಟು ವೀಳ್ಯದೆಲೆ, ಐದು ಇಡೀ ಅಡಿಕೆ, ಸಣ್ಣ ಅಡಕತ್ತರಿ ತರಬೇಕು ಅಂತ ಹೊರಟಿದ್ದಳು. ಅಡಕತ್ತರಿ ಬೆಂಗಳೂರಿನಲ್ಲೇ ಹೋಯಿತು. ಪ್ಯಾರಿಸಿನಲ್ಲಿ ಕಸ್ಟಮ್ಸ್‌ನವನು ಸಂಚಿಯನ್ನು ಟ್ರೇಗೆ ಸುರಿಸಿ, ಒಂದು ಅಡಿಕೆಯನ್ನು ಮೂಗಿನ ಹತ್ತಿರ ಹಿಡಿದು, ನನ್ನ ಕಡೆ ನೋಡಿದ.

"ಇಟ್ ಈಸ್ ಫಾರ್ ದಿ ಡೈಜೆಶನ್, ಸರ್," ಅಂದೆ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ಇಷ್ಟು ವರ್ಷ ಕಾದದ್ದು ಈ ಒಂದು ವಾಕ್ಯಕ್ಕೇನೋ ಅನ್ನಿಸಿತು.

ಎಲೆ ಹಸಿ, ಅದಕ್ಕೆ ಪ್ರವೇಶವಿಲ್ಲ. ಅಡಿಕೆ ಒಣಗಿದ್ದು, ಅದು ಹೋಗಬಹುದು. ಹೀಗೆ ತೀರ್ಪಾಯಿತು.

"ಎಲೆ ಇಲ್ದೆ, ಕತ್ರಿ ಇಲ್ದೆ, ಬರೀ ಅಡ್ಕೆ ಇಟ್ಕಂಡು ಏನ್ ಗೋಲಿ ಆಡ್ಲಾ?" ಅಂತ ಗಂಗಮ್ಮ ರೈಲಿನಲ್ಲಿ ಎರಡು ಗಂಟೆ ಮುಖ ಊದಿಸಿಕೊಂಡು ಕೂತಳು. ಹೊರಗೆ ಮಟ್ಟಸವಾದ ಹೊಲಗಳು ಓಡುತ್ತಿದ್ದವು. ನಮ್ಮ ಕಡೆಯ ಕಣ್ಣಿಗೆ ಅಷ್ಟು ಸಪಾಟು ಭೂಮಿ ಕಂಡರೆ ಯಾರೋ ಇಸ್ತ್ರಿ ಹಾಕಿದ ಹಾಗೆ ಇರುತ್ತದೆ. "ಈ ಜನಕ್ಕೆ ಇಳಿಜಾರೇ ಇಲ್ವಾ, ಪಾಪ," ಅಂದಳು ಕೊನೆಗೆ. ಮಾತು ಶುರುವಾಯಿತಲ್ಲ ಅಂತ ನನಗೆ ಸಮಾಧಾನ.

ನದಿಯ ಊರು, ಸಂತೆ

ಆ ಊರಿನ ಹೆಸರನ್ನು ನಾನು ಎಷ್ಟು ಸಲ ಹೇಳಿದರೂ ಅಲ್ಲಿಯವರು ನಯವಾಗಿ ತಿದ್ದುತ್ತಿದ್ದರು. ಹಾಗಾಗಿ ಬರೆಯುವುದಿಲ್ಲ. ದೊಡ್ಡ ಊರಲ್ಲ. ನಮ್ಮ ಕಡೆಯ ಬಾಳ್ಳುಪೇಟೆಯಿಂದ ಲಾರಿಗಳನ್ನೆಲ್ಲ ತೆಗೆದು, ನಡುವೆ ಒಂದು ಅಗಲವಾದ ಹೊಳೆ ಬಿಟ್ಟರೆ ಎಷ್ಟಿರುತ್ತದೋ ಅಷ್ಟು. ಮಧ್ಯಾಹ್ನ ಎಲ್ಲ ಅಂಗಡಿಗೂ ಬಾಗಿಲು, ನಮ್ಮ ಹಾನುಬಾಳಿನ ಪೋಸ್ಟಾಫೀಸಿನ ಹಾಗೆ. ಯಾವ ಅಂಗಡಿಗೆ ಕಾಲಿಟ್ಟರೂ ಮೊದಲು "ಬೋಂಜೂರ್" ಅಂತ ನಮಸ್ಕಾರ ಹೇಳಬೇಕು. ಅನ್ನದಿದ್ದರೆ ನೀವು ಅಲ್ಲಿ ನಿಂತಿರುವುದೇ ಅವರಿಗೆ ಕಾಣುವುದಿಲ್ಲ. ಗಂಗಮ್ಮನಿಗೆ ಈ ಪದ್ಧತಿ ಹಿಡಿಸಿಬಿಟ್ಟಿತು. ಬಾಗಿಲಿಗೆ, ನಾಯಿಗೆ, ಬಸ್ ಸ್ಟಾಪಿನ ಕಂಬಕ್ಕೆ ಸಮೇತ ಬೋಂಜೂರ್ ಹೇಳಿಕೊಂಡು ನಡೆದಳು.

ಹಿಡಿಸದಿದ್ದದ್ದು ಸಂತೆ. ಮಾರನೆಯ ಬೆಳಿಗ್ಗೆ ಟೊಮೆಟೊ ರಾಶಿಗೆ ಕೈ ಹಾಕಿದವಳ ಕೈಯನ್ನು ಅಂಗಡಿಯ ಹೆಂಗಸು ತಟ್ಟಿ ತೆಗೆದಳು. ಅಲ್ಲಿ ತರಕಾರಿಯನ್ನು ಕೊಳ್ಳುವವರು ಮುಟ್ಟಬಾರದು. ಎಷ್ಟು ಬೇಕು ಅಂತ ಹೇಳಿದರೆ ಮಾರುವವರೇ ಆರಿಸಿ ಕೊಡುತ್ತಾರೆ.

ಗಂಗಮ್ಮ ಕೆಂಪಾದಳು. "ಅರವತ್ತೆಂಟು ವರ್ಸದಾಗೆ ಬೀಜ ಆರ್ಸೋ ಕೈಗೆ ಯಾರೂ ಹೊಡ್ದಿರ್ಲಿಲ್ಲ ಅಮ್ಮೋರೆ. ಆರ್ಸೋಕ್ ಬುಡ್ದೆ ಇರೋದೂ ಒಂದು ಊರಾ?"

"ಅವರ ಕಸ್ಟಮ್ ಕಣೇ, ಬಿಡು."

"ಮತ್ತೆ ಅವ್ಳಾದ್ರೂ ಸರ್ಯಾಗ್ ಆರ್ಸಿದ್ಳಾ? ನೋಡಿ, ಎರಡು ಮೆತ್ಗಾಗದೆ." ನಿಜ, ಎರಡು ಮೆತ್ತಗಾಗಿದ್ದವು.

ಸಿಂಹದ ಬಾಗಿಲು

ಆ ದಿನವೇ ಮಧ್ಯಾಹ್ನ ನಾನು ಆ ಬಾಗಿಲ ಮುಂದೆ ನಿಂತೆ. ಪೋಸ್ಟ್‌ಕಾರ್ಡಿನಲ್ಲಿ ಕಂಡಷ್ಟು ದೊಡ್ಡದಲ್ಲ. ಸಿಂಹದ ಒಂದು ಕಿವಿ ಮುರಿದಿತ್ತು. ಬಳೆ ಹಿಡಿದು ಮೂರು ಸಲ ಬಡಿದೆ. ಕಣ್ಣು ಮಂಜಾಯಿತು ಅಂತ ಬರೆದರೆ ಶಾಲಿನಿ ನಗುತ್ತಾಳೆ, ಆದರೂ ಬರೆಯುತ್ತೇನೆ.

ಮದಾಮ್ ಸಿಲ್ವಿ ಬಾಗಿಲು ತೆಗೆದರು. ರಿಟೈರ್ಡ್ ಹಿಸ್ಟರಿ ಟೀಚರ್, ನನ್ನದೇ ವಯಸ್ಸು, ಕಡ್ಡಿಯಂಥ ಹೆಂಗಸು. ಅವರ ಇಂಗ್ಲಿಷಿಗೂ ನನ್ನದಕ್ಕೂ ಒಂದೇ ಗ್ರಾಮರ್ ಪುಸ್ತಕದ ವಾಸನೆ. ಪಕ್ಕದಲ್ಲಿ ಸೊಂಟಕ್ಕೆ ಕೀಗೊಂಚಲು ಕಟ್ಟಿಕೊಂಡ ಕಾವಲುಗಾರ. ಗಂಗಮ್ಮ ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟಳು. ನೆಲ ತಣ್ಣಗಿದೆ, ಹಾಕಿಕೊಳ್ಳಿ ಅಂತ ಅವನು ಸನ್ನೆ ಮಾಡಿದ. "ದೊಡ್ಮನೆ ಒಳಕ್ಕೆ ಚಪ್ಲಿ ಮೆಟ್ಕಂಡ್ ಎಂಗ್ ಬರದು ಮಾರಾಯ?" ಅಂತ ಇವಳು. ಇಬ್ಬರಿಗೂ ಇಬ್ಬರ ಭಾಷೆ ತಿಳಿಯದು. ವಾದ ಮಾತ್ರ ಸಲೀಸಾಗಿ ಸಾಗಿತು. ಅವರನ್ನು ಅಲ್ಲೇ ಬಿಟ್ಟು ನಾವು ಮೇಲೆ ಹೊರಟೆವು.

ಆ ಮನೆ ಎತ್ತಿದ ಜನ್ಮಗಳನ್ನು ಮದಾಮ್ ಮೆಟ್ಟಿಲಿಗೊಂದರಂತೆ ಹೇಳುತ್ತಾ ಹೋದರು. ಕಟ್ಟಿಸಿದವನು ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಅಧಿಕಾರಿ. ಊರವರಿಗೆ ಅವನ ಮೇಲೆ ಎಷ್ಟು ಸಿಟ್ಟೆಂದರೆ, ಗೋಡೆ ಬೆವರುವುದು ಒಳಗೆ ಉಪ್ಪು ತುಂಬಿರುವುದರಿಂದ ಅಂತ ಈಗಲೂ ಆಡಿಕೊಳ್ಳುತ್ತಾರಂತೆ. ಜನ ದಂಗೆಯೆದ್ದು ರಾಜನ ಕಾಲ ಮುಗಿದಾಗ ಅವನು ಅಡುಗೆಮನೆಯ ಕಿಟಕಿಯಿಂದ ಓಡಿದ. ಸೈನ್ಯ ಬಂದು ನೃತ್ಯದ ಹಾಲಿನಲ್ಲಿ ಕುದುರೆ ಕಟ್ಟಿತು, ಮರದ ನೆಲದ ಮೇಲೆ ಗೊರಸಿನ ಗುರುತು ಹಾಗೇ ಇದೆ. ಆಮೇಲೆ ಒಬ್ಬ ವರ್ತಕ ಕೊಂಡ. ಹಡಗಿನಲ್ಲಿ ಬಂದ ಸಕ್ಕರೆ, ಹಗ್ಗ, ಮಸಾಲೆ ಎಲ್ಲ ಮಾರುತ್ತಿದ್ದವನು, ಆದರೆ ಅವನ ಕಾಗದಪತ್ರಗಳೆಲ್ಲ ಒಂದು ಬೆಂಕಿಯಲ್ಲಿ ಹೋದವು. ಅವನ ನಂತರ ಕನ್ಯಾಸ್ತ್ರೀಯರು, ಶಾಲೆ. ಯುದ್ಧದಲ್ಲಿ ಆಸ್ಪತ್ರೆ. ಆಮೇಲೆ ನಗರಸಭೆಯ ಕಚೇರಿ. ಈಗ ಕೆಳಗೆ ಮದುವೆ ರಿಜಿಸ್ಟರ್ ಮಾಡುವ ಹಾಲು, ನೃತ್ಯದ ಹಾಲಿನಲ್ಲಿ ಮಕ್ಕಳ ಸಂಗೀತದ ಕ್ಲಾಸು. ಗೊರಸಿನ ಗುರುತಿನ ಮೇಲೆ ಒಂದು ಪುಟ್ಟ ಹುಡುಗಿ ಕೂತು ಪಿಟೀಲು ಕೊಯ್ಯುತ್ತಿದ್ದಳು.

ನಮ್ಮ ಕಡೆ ಬ್ರಿಟಿಷರ ಬಂಗಲೆ ಮೊದಲು ನಮ್ಮವರ ಮನೆಯಾಗಿ, ಆಮೇಲೆ ಹೋಂಸ್ಟೇ ಆಗಿ ಎರಡು ಜನ್ಮಕ್ಕೇ ಸುಸ್ತಾಗುತ್ತದೆ. ಇದು ಏಳನೆಯದಕ್ಕೂ ಸೆಟೆದು ನಿಂತಿತ್ತು.

ಅಟ್ಟದ ಬಾಗಿಲಲ್ಲಿ ಮದಾಮ್ ನಿಂತರು. "ಇಲ್ಲಿಂದ ಮುಂದೆ ನನಗೆ ಗೊತ್ತಿಲ್ಲ," ಅಂದರು. ದನಿ ಬೇರೆಯಾಗಿತ್ತು. ಈ ಅಟ್ಟ ಏನಾಗಿತ್ತು ಅಂತ ಯಾರಿಗೂ ಗೊತ್ತಿಲ್ಲ. ಬರುವ ಶುಕ್ರವಾರ ನಗರಸಭೆಯ ಮೀಟಿಂಗು. ಇಲ್ಲಿಗೆ ಲಿಫ್ಟ್ ತಂದು, ಆರು ಸಣ್ಣ ರೂಮು ಕಟ್ಟುವ ಪ್ಲಾನ್ ಸಿದ್ಧವಾಗಿದೆ. ಮೇಜುಗಳನ್ನು ಕೊಯ್ದು ತೆಗೆಯುತ್ತಾರೆ. ಇದು ಇಂಥದ್ದಾಗಿತ್ತು ಅಂತ ಪುರಾವೆ ಸಮೇತ ಹೇಳಿದರೆ ಉಳಿಸಿಕೊಳ್ಳಬಹುದು. ಮದಾಮ್ ಒಂದು ವರ್ಷದಿಂದ ಹುಡುಕುತ್ತಿದ್ದರು. "ಹೆಸರಿಲ್ಲದ ಕೋಣೆ ಅಂದರೆ ಅವರಿಗೆ ಖಾಲಿ ಕೋಣೆ," ಅಂದರು.

ಅಟ್ಟ

ಸಿಸ್ಟರ್ ಹೇಳಿದ ಹಾಗೇ ಇತ್ತು. ಇಳಿಜಾರು ಸೂರು, ಉತ್ತರದ ಗೋಡೆಯ ಉದ್ದಕ್ಕೂ ಕಿಟಕಿಗಳು, ಕಿಟಕಿಗೆ ಒತ್ತಿದ ಎರಡು ಉದ್ದ ಮೇಜು, ಕುಳ್ಳು ಬೆಂಚು. ಒಂದೊಂದು ಮೇಜಿಗೆ ಏಳು ತೂತು. ಒಂದೊಂದು ತೂತಿನ ಎದುರಿಗೆ, ಮೇಜಿನ ಅಂಚಿನಲ್ಲಿ, ಎರಡು ಸಣ್ಣ ಹಳ್ಳ. ಅರವತ್ತು ವರ್ಷ ತಲೆಯಲ್ಲಿ ಹೊತ್ತದ್ದು ಎದುರಿಗಿದೆ.

ಅಲ್ಲಿ ನಗರಸಭೆಯ ಇಂಜಿನಿಯರ್ ಹುಡುಗಿಯೊಬ್ಬಳು ಗೋಡೆಗೆ ಕೆಂಪು ಚುಕ್ಕೆ ಬಿಟ್ಟು ಅಳತೆ ತೆಗೆಯುತ್ತಿದ್ದಳು. ಒಳ್ಳೆಯ ಮಗು, ಇಂಗ್ಲಿಷ್ ಬರುತ್ತಿತ್ತು. ಅವಳ ಮುಂದೆ ನಾನು ಉತ್ಸಾಹದಲ್ಲಿ ಸಿಸ್ಟರ್ ಒದಿಲ್ ಕಥೆಯನ್ನೆಲ್ಲ ಹೇಳಿದೆ, ರೆಸಿಟೇಶನ್ ಪ್ರೈಜ್ ಬಂದವಳ ಹಾಗೆ, ಕೈದಿ, ಸರಪಳಿ, ಸವೆದ ಮಣಿಕಟ್ಟು. ಹುಡುಗಿ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಪ್ರತಿ ತೂತಿನ ಸುತ್ತ ಅಡಿಯಲ್ಲಿ ಕಬ್ಬಿಣದ ಮೊಳೆಗಳಿದ್ದವು.

"ಹೌದು, ಸರಪಳಿಗೇ ಇರಬೇಕು," ಅಂದಳು. ಆಮೇಲೆ ಮದಾಮ್ ಕಡೆ ತಿರುಗಿ ಇಂಗ್ಲಿಷಿನಲ್ಲೇ ಮೆತ್ತಗೆ, "ಹಾಗಾದರೆ ಇದು ಹಿಂಸೆಯ ಕೋಣೆ. ಕೆಳಗೇ ಮಕ್ಕಳ ಕ್ಲಾಸಿದೆ. ತೆಗೆದುಬಿಡುವುದೇ ಒಳ್ಳೆಯದಲ್ಲವೇ?" ಅಂದಳು.

ಮದಾಮ್ ಮುಖ ಬಾಡಿತು. ಅದು ಶಾಲೆಯ ಮಕ್ಕಳು ಕಟ್ಟಿಕೊಂಡ ಕಥೆ, ಅದಕ್ಕೆ ಆಧಾರವಿಲ್ಲ ಅಂತ ಅವರು ಎಷ್ಟೋ ಹೇಳಿದರು. ಹುಡುಗಿ ಅದನ್ನು ಆಗಲೇ ಪುಸ್ತಕದಲ್ಲಿ ಬರೆದುಕೊಂಡಾಗಿತ್ತು. ಎಂಟು ಸಾವಿರ ಕಿಲೋಮೀಟರ್ ಹಾರಿ ಬಂದು ಆ ಕೋಣೆಗೆ ಮರಣಶಾಸನ ಬರೆದುಕೊಟ್ಟವಳು ನಾನು.

ಅಷ್ಟರಲ್ಲಿ ಏದುಸಿರು ಬಿಡುತ್ತಾ ಗಂಗಮ್ಮ ಬರಿಗಾಲಲ್ಲಿ ಮೇಲೆ ಬಂದಳು, ಹಿಂದೆ ಕೀಗೊಂಚಲಿನವನು. ಬಾಗಿಲಲ್ಲಿ ಒಂದು ಕ್ಷಣ ನಿಂತಳು. "ಬೋಂಜೂರ್" ಅನ್ನಲಿಲ್ಲ. ಸೀದಾ ಹೋಗಿ ಎರಡನೆಯ ಮೇಜಿನ ಮೂರನೆಯ ಜಾಗದಲ್ಲಿ ಕೂತಳು. ಕಾವಲುಗಾರ "ನೋ, ನೋ" ಅಂತ ಓಡಿದ. ಗಂಗಮ್ಮ ಎರಡೂ ಮಣಿಕಟ್ಟನ್ನು ಆ ಹಳ್ಳಗಳಲ್ಲಿ ಇಟ್ಟಳು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತವು.

"ಅಮ್ಮೋರೆ, ಬೆಳಕು ನೋಡಿ, ಕೈ ಮ್ಯಾಲೆ ಬೀಳ್ತದೆ, ಕಣ್ಣಿಗ್ ಬೀಳಲ್ಲ," ಅಂದಳು. ಬೆರಳುಗಳು ಬರಿಮೇಜಿನ ಮೇಲೆ ಆಡತೊಡಗಿದವು, ಇಲ್ಲದ ಬೀಜವನ್ನು ಹರಡಿ, ತಳ್ಳಿ. "ಇದು ಆರ್ಸೋ ಮೇಜು. ಒಳ್ಳೆ ಬೀಜ ಇಂಗ್ ತಳ್ಳದು, ತೂತಲ್ಲಿ ಬೀಳ್ತದೆ. ಕೆಳಗೆ ಚೀಲ ಕಟ್ಟಿರ್ತರೆ. ಮೊಳೆ ಇರ್ಬೇಕಲ್ಲ ಅಡೀಗೆ?" ಅವಳು ಬಗ್ಗಿ ನೋಡಲಿಲ್ಲ. ಕೈ ಕೆಳಗೆ ಹಾಕಿ ತಡವಿದಳು. "ಹೂಂ. ಐತೆ. ಕರಿಬೀಜ, ತುಂಡು ಎಲ್ಲ ಮಡ್ಲಿಗೆ. ನಮ್ ಸ್ಟೋರಲ್ಲೂ ಇದೇ ಅಲ್ವಾ? ನೀವು ನೋಡಿಲ್ವಾ?"

ನೋಡಿದ್ದೆ. ನಲವತ್ತು ವರ್ಷ ಸ್ಟೋರಿನ ಬಾಗಿಲಲ್ಲಿ ನಿಂತು ನೋಡಿದ್ದೆ. ಕೂತಿರಲಿಲ್ಲ. ಕೂತವರಿಗೆ ಮಾತ್ರ ತಿಳಿಯುವ ಮೇಜು ಅದು. ನನಗೆ ತೂತು ಅಂದರೆ ಇಲ್ಲಿ ಸರಪಳಿ, ಅಲ್ಲಿ ಜ್ಯೂಸ್ ಗ್ಲಾಸು.

"ಇಲ್ಲಿಯೋರು ಇಟ್ಕಂಡವ್ರೆ," ಅಂದಳು ಗಂಗಮ್ಮ, ಮೇಜನ್ನು ಸವರುತ್ತಾ. ಉಳಿದರ್ಧವನ್ನು ಹೇಳಲಿಲ್ಲ. ನನಗೆ ಕೇಳಿಸಿತು.

ನಾನು ಇಂಗ್ಲಿಷಿಗೆ ತಂದೆ, ಮದಾಮ್ ಫ್ರೆಂಚಿಗೆ ತಂದರು. ಮದಾಮ್ ಬೆರಳು ಮಡಿಸಿ ಎಣಿಸಿದರು. ವರ್ತಕ, ಹಡಗು, ಸಕ್ಕರೆ, ಹಾಗಾದರೆ ಕಾಫಿ ಯಾಕಿರಬಾರದು? ಇಂಜಿನಿಯರ್ ಹುಡುಗಿ ತಲೆಯಾಡಿಸಿದಳು. ಚಂದದ ಕಲ್ಪನೆ, ಆದರೆ ಪುರಾವೆ ಬೇಕು.

ನಾನು ಹೇಳಿದೆ, "ಗಂಗಮ್ಮ, ಪ್ರೂಫ್ ಕೇಳ್ತಿದ್ದಾಳೆ."

"ಬೀಜ ಬೇಕಾ? ಇರ್ತದೆ. ಎಷ್ಟ್ ಗುಡಿಸಿದ್ರೂ ಸ್ಟೋರ್ ಅಂದ್ಮೇಲೆ ಎಲ್ಲಾದ್ರೂ ನಾಕು ಬೀಜ ಇರ್ತದೆ. ಎಲ್ಲಿ ಅಂತ ನೆಲನೇ ಹೇಳ್ತದೆ."

ಸೊಂಟದ ಸಂಚಿ ಬಿಚ್ಚಿ ಒಂದು ಅಡಿಕೆ ತೆಗೆದು, ಮೇಜಿನ ಕೆಳಗೆ ನೆಲದ ಮೇಲಿಟ್ಟು ಬಿಟ್ಟಳು. ನಮ್ಮ ಸ್ಟೋರಿನಲ್ಲಿ ಹೊಸ ನೆಲ ಹಾಕಿದಾಗಲೂ ಅವಳು ಮಾಡುತ್ತಿದ್ದದ್ದು ಇದನ್ನೇ, ಬೀಜ ಎತ್ತ ಉರುಳುತ್ತದೆ ಅಂತ ನೋಡಲು. ನಾವೈದು ಜನ ಬಗ್ಗಿ ನೋಡಿದೆವು. ಅಡಿಕೆ ಸ್ವಲ್ಪ ಯೋಚಿಸಿತು. ಹಳೆಯ ಮನೆ ಹೊಳೆಯ ಕಡೆ ವಾಲಿತ್ತು. ಮೆಲ್ಲಗೆ ಉರುಳಿತು, ಬೆಂಚಿನ ಕಾಲು ಬಳಸಿತು, ಗೋಡೆ ಮುಟ್ಟಿತು, ಗೋಡೆಗುಂಟ ಓಡಿತು, ಮೂಲೆಯಲ್ಲಿ ಹಲಗೆಯ ಸಂದಿನೊಳಗೆ ಟಕ್ಕನೆ ಮಾಯವಾಯಿತು.

"ಅಲ್ಲೈತೆ," ಅಂದಳು ಗಂಗಮ್ಮ.

ಎಲ್ಲರಿಗಿಂತ ಮೊದಲು ಮಂಡಿಯೂರಿದವನು ಕಾವಲುಗಾರ. ಸ್ಕ್ರೂಡ್ರೈವರ್ ತಂದು ಹಲಗೆ ಸಡಿಲಿಸಿದ. ಇಂಜಿನಿಯರ್ ಹುಡುಗಿ ಮೊಬೈಲಿನ ಬೆಳಕು ಹಿಡಿದಳು. ಸಂದು ಕಿರಿದು, ಬೆರಳು ಹೋಗದು. ನನ್ನ ತುರುಬಿನ ಹೇರ್‌ಪಿನ್ ಕಿತ್ತು ಕೊಟ್ಟೆ. ಗಂಗಮ್ಮ ಕೆದಕಿದಳು. ಧೂಳಿನ ಉಂಡೆ ಬಂತು. ಒಂದು ಗುಂಡಿ ಬಂತು. ಅಡಿಕೆ ಬಂತು, ಅದನ್ನು ಒರೆಸಿ ಸಂಚಿಗೆ ಹಾಕಿಕೊಂಡಳು. ಆಮೇಲೆ ಒಂದೊಂದಾಗಿ ಅವಳ ಅಂಗೈ ಮೇಲೆ ಒಂಬತ್ತು ಬೀಜ. ಇದ್ದಿಲಿನಷ್ಟು ಕಪ್ಪು, ಹೊಟ್ಟೆಯ ನಡುವೆ ಆ ಒಂದು ಗೀರು. ಸಕಲೇಶಪುರದ ಕಡೆಯ ಯಾವ ಮಗುವಿಗೆ ತೋರಿಸಿದರೂ ಹೇಳುತ್ತದೆ ಏನು ಅಂತ.

ಮದಾಮ್ ಸಿಲ್ವಿ ಬೆಂಚಿನ ಮೇಲೆ ಕೂತು ಅತ್ತುಬಿಟ್ಟರು.

ಶುಕ್ರವಾರ

ನಗರಸಭೆಯವರು ಕೆಳಗಿನ ಮದುವೆ ಹಾಲಿನಲ್ಲಿ ಕೂತಿದ್ದರು. ಮೇಯರ್ ಅಗಲವಾದ ಹೆಂಗಸು, ಕನ್ನಡಕವನ್ನು ಸರಕ್ಕೆ ಕಟ್ಟಿ ತೂಗುಬಿಟ್ಟವರು. ಮದಾಮ್ ಗಾಜಿನ ಬಟ್ಟಲಲ್ಲಿ ಒಂಬತ್ತು ಬೀಜ ಇಟ್ಟು ವಿವರಿಸಿದರು. ಒಬ್ಬ ಸದಸ್ಯ ಎದ್ದ. ಬೀಜವನ್ನು ಇಲಿ ತಂದಿರಬಹುದು, ಮೇಜು ಯಾವುದಕ್ಕೋ ಇರಬಹುದು, ಅಂದ.

ಗಂಗಮ್ಮ ನನ್ನನ್ನು ತಿವಿದಳು. "ಏನಂತೆ?"

ಹೇಳಿದೆ.

"ಕೆಳಗೆ ಕೂತ್ಕಂಡ್ ಮಾತಾಡಿದ್ರೆ ಎಂಗ್ ಗೊತ್ತಾಯ್ತದೆ? ಮ್ಯಾಕೆ ಬರಕ್ಕೇಳಿ. ಹುರೀದೆ ಇರೋ ಬೀಜ ಒಂದೆರಡು ಸೇರು ತರ್ಸಿ."

ಹೀಗೆ ಒಂದು ಫ್ರೆಂಚ್ ನಗರಸಭೆ, ಹಾನುಬಾಳಿನ ಗಂಗಮ್ಮನ ಅಪ್ಪಣೆಯಂತೆ, ಮೂರು ಮಹಡಿ ಹತ್ತಿತು. ಚೌಕದಲ್ಲಿ ಕಾಫಿ ಹುರಿಯುವ ಅಂಗಡಿಯವನು ಒಂದು ಚೀಲ ಹಸಿಬೀಜ ಹೊತ್ತು ತಾನೂ ಬಂದ. ಇದು ಮೆಷಿನ್‌ನಲ್ಲಿ ಆರಿಸಿ ಬಂದ ಮಾಲು, ಇದರಲ್ಲಿ ಆರಿಸಲು ಏನೂ ಇಲ್ಲ ಅಂತ ಮೊದಲೇ ಹೇಳಿದ.

ಗಂಗಮ್ಮ ಅದೇ ಜಾಗದಲ್ಲಿ ಕೂತಳು. ತೂತಿನ ಕೆಳಗೆ ಮೊಳೆಗಳಿಗೆ ಕಾವಲುಗಾರ ಒಂದು ಬಟ್ಟೆ ಚೀಲ ಸಿಕ್ಕಿಸಿದ, ಇನ್ನೂರು ವರ್ಷ ಇದೇ ಕೆಲಸ ಮಾಡಿದವನ ಹಾಗೆ. ಸೆರಗನ್ನು ಮಡಿಲು ಮಾಡಿಕೊಂಡು ಅವಳು ಬೀಜ ಸುರಿದಳು. ಮಣಿಕಟ್ಟು ಹಳ್ಳಕ್ಕೆ ಇಳಿಯಿತು. ಆಮೇಲೆ ಅವಳ ಕೈ ಕಾಣಲಿಲ್ಲ, ಕೆಲಸ ಮಾತ್ರ ಕಂಡಿತು. ಬೀಜ ಚೀಲಕ್ಕೆ ಬೀಳುವ ಸದ್ದು ಎಲೆ ಮೇಲೆ ಹನಿ ಉದುರಿದ ಹಾಗೆ. ಕೆಳಗಿನ ಪಿಟೀಲು ನಿಂತಿತ್ತು.

ಮುಗಿದಾಗ ಮಡಿಲಿನಿಂದ ಒಂದು ಹಿಡಿ ತೆಗೆದು ಅಂಗಡಿಯವನ ಕೈಗೆ ಸುರಿದಳು. ಕರಿ, ತುಂಡು, ಜೊಳ್ಳು. ಅವನು ಅಂಗೈಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿ, ಟೋಪಿ ತೆಗೆದ.

"ಮೆಷಿನ್ ಆರ್ಸಿದ್ದಂತೆ," ಅಂದಳು ಗಂಗಮ್ಮ ನನ್ನ ಕಿವಿಯಲ್ಲಿ. "ಟೊಮೆಟೊ ಕೊಟ್ಳಲ್ಲ, ಅವಳ ತಮ್ಮನಿರ್ಬೇಕು."

ಮೇಯರ್ ಕನ್ನಡಕ ಏರಿಸಿಕೊಂಡು ಪಕ್ಕದ ಜಾಗದಲ್ಲಿ ತಾವೂ ಕೂತರು. ಮಣಿಕಟ್ಟು ಇಟ್ಟು ನೋಡಿದರು. ಒಂದು ಹಿಡಿ ಬೀಜ ಎಳೆದುಕೊಂಡು ತಡವರಿಸುತ್ತಾ ಒಂದನ್ನು ಮಡಿಲಿಗೆ ಹಾಕಿಕೊಂಡರು. ಫಟ್ ಅಂತ ಗಂಗಮ್ಮ ಅವರ ಕೈ ಮೇಲೆ ಒಂದೇಟು ಕೊಟ್ಟಳು.

"ಒಳ್ಳೇ ಬೀಜ ಮಡ್ಲಿಗ್ ಹಾಕ್ಕಂಡ್ರಲ್ಲ ಅವ್ವ. ಕಣ್ ಬಿಟ್ಟು ಆರ್ಸಿ."

ಮೇಯರ್ ನನ್ನ ಕಡೆ ನೋಡಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿಗೆ ತಂದೆ, ಮದಾಮ್ ಫ್ರೆಂಚಿಗೆ. ಆಮೇಲೆ ಮೇಯರ್ ನಗತೊಡಗಿದರು, ಹೊಟ್ಟೆ ಕುಣಿಯುವಂಥ ನಗು. ಅಟ್ಟವೆಲ್ಲ ನಕ್ಕಿತು. ಇಲಿಯ ವಿಷಯ ಎತ್ತಿದ ಸದಸ್ಯನೂ ಒಂದು ಜಾಗ ಹಿಡಿದು ಕೂತ. ಇಂಜಿನಿಯರ್ ಹುಡುಗಿ ಕಿಟಕಿಯ ಹತ್ತಿರ ಪ್ಲಾನ್ ಬಿಚ್ಚಿ, ಪೆನ್ಸಿಲ್ ತೆಗೆದು, ಆರು ರೂಮಿನ ಮೇಲೂ ಒಂದು ಅಡ್ಡಗೀಟು ಎಳೆದಳು. ಲಿಫ್ಟ್ ಬರಲಿ, ನೋಡಲು ಬರುವ ಮುದುಕಿಯರಿಗೆ ಬೇಕಾಗುತ್ತದೆ, ಅಂದಳು ನನ್ನ ಮಂಡಿ ನೋಡಿ.

ಎಲ್ಲರೂ ಇಳಿದ ಮೇಲೆ ಮದಾಮ್ ಉಳಿದರು. ಇಲ್ಲಿ ಒಂದು ಫಲಕ ಹಾಕಬೇಕು, ಆದರೆ ಏನು ಬರೆಯುವುದು? ಉಪ್ಪಿನವನ ಹೆಸರು ಗೊತ್ತು, ಸೈನ್ಯದ ಕುದುರೆಗಳ ಹೆಸರು ಸಹ ಎಲ್ಲೋ ಇದೆ. ಇಲ್ಲಿ ಕೂತ ಹದಿನಾಲ್ಕು ಹೆಂಗಸರ ಬಗ್ಗೆ ಒಂದಕ್ಷರ ಗೊತ್ತಿಲ್ಲ, ಅಂದರು.

ಗಂಗಮ್ಮ ಗಾಜಿನ ಬಟ್ಟಲನ್ನು ಕಿಟಕಿಗೆ ತಂದಳು. ಒಂಬತ್ತು ಬೀಜವನ್ನೂ ಒಂದೊಂದಾಗಿ ತಿರುಗಿಸಿ ನೋಡಿದಳು, ಬೆರಳಲ್ಲಿ ತೂಗಿದಳು.

"ಇದು ತುಂಡು. ಇದೂ ತುಂಡು. ಇದು ಜೊಳ್ಳು. ಇವು ಮೂರೂ ಜೊಳ್ಳೇ. ಇದು ಸೊಟ್ಟ. ಇವೆರಡು ತುಂಡು." ಬಟ್ಟಲು ವಾಪಸು ಕೊಟ್ಟಳು. "ನೆಲಕ್ಕೆ ಬಿದ್ದಿರದು ಬರೀ ಮಡ್ಲಿಂದ ಜಾರಿದ್ದು. ಒಳ್ಳೇದು ಒಂದೂ ಬಿದ್ದಿಲ್ಲ. ಕೆಲ್ಸ ಬಲ್ಲೋರು ಕಣ್ರವ್ವ. ಅದ್ನೇ ಬರ್ಸಿ."

ಮತ್ತೆ ಹಾನುಬಾಳು

ಊರಿಗೆ ಬಂದ ವಾರದಲ್ಲೇ ಡೈನಿಂಗ್ ಹಾಲ್ ಬಂಗಲೆಯ ವರಾಂಡಕ್ಕೆ ಹೋಯಿತು. ಮೇಜಿನ ಪಾಲಿಷ್ ಉಜ್ಜಿ ತೆಗೆಸಿದೆ, ಆರಿಸುವ ಕೆಲಸ ಟಾರ್ಪಾಲಿನಿಂದ ಮತ್ತೆ ಮೇಜಿಗೆ ಬಂತು. ಗೆಸ್ಟ್‌ಗಳು ಗ್ಲಾಸ್ ಎಲ್ಲಿಡುವುದು ಅಂತ ಶಾಲಿನಿ ಕೇಳಿದಳು. ಕೈಯಲ್ಲಿ ಹಿಡಿದುಕೊಳ್ಳಲಿ, ಅಂದೆ. ಸಿಸ್ಟರ್ ಒದಿಲ್ ಇದ್ದಿದ್ದರೆ ಅವರ ಕಥೆ ಕೆಟ್ಟಿತು ಅಂತ ಬೇಜಾರು ಮಾಡಿಕೊಳ್ಳುತ್ತಿದ್ದರೇನೋ. ಇಲ್ಲ, ಅವರೂ ಹೋಗಿ ಆ ಬೆಂಚಿನ ಮೇಲೆ ಕೂರುತ್ತಿದ್ದರು ಅಂತಲೇ ನನಗನ್ನಿಸುತ್ತದೆ.

ಸೀಸನ್ ಶುರುವಾದ ಮೇಲೆ ಮದಾಮ್ ಸಿಲ್ವಿ ಫಲಕದ ಫೋಟೋ ಕಳಿಸಿದರು. ಸಂಜೆ ಸ್ಟೋರಿಗೆ ಒಯ್ದೆ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಗಂಗಮ್ಮನ ಪಕ್ಕದ ಜಾಗ ಖಾಲಿಯಿತ್ತು, ಅಲ್ಲಿ ಕೂತು, ಫೋನನ್ನು ಕಣ್ಣಿಗೆ ಹಿಡಿದು, ಹೆಂಗಸರಿಗೆಲ್ಲ ಕೇಳುವಂತೆ ಕನ್ನಡದಲ್ಲಿ ಓದಿದೆ:

"ಇಲ್ಲಿ ಹದಿನಾಲ್ಕು ಹೆಂಗಸರು ಕಾಫಿಬೀಜ ಆರಿಸುತ್ತಿದ್ದರು. ಅವರ ಹೆಸರು ನಮಗೆ ತಿಳಿಯದು. ಅವರು ಒಂದು ಒಳ್ಳೆಯ ಬೀಜವನ್ನೂ ನೆಲಕ್ಕೆ ಬೀಳಿಸಲಿಲ್ಲ. ಪರೀಕ್ಷಿಸಿ ಹೇಳಿದವರು: ಗಂಗಮ್ಮ, ಮೇಸ್ತ್ರಿ, ಹಾನುಬಾಳು."

ಹೆಂಗಸರು ಕೈ ನಿಲ್ಲಿಸಿ ಗಂಗಮ್ಮನನ್ನೇ ನೋಡಿದರು. ಅವಳು ಒಂದು ಕರಿಬೀಜ ತೆಗೆದು ಮಡಿಲಿಗೆ ಹಾಕಿಕೊಂಡಳು.

"ಸರ್ಯಾಗ್ ಬರ್ದವ್ರೆ," ಅಂದಳು. "ಹೂಂ, ಬೆಳಕು ಹೋಯ್ತೈತೆ. ಕೈ ಆಡ್ಸಿ." ಆಮೇಲೆ ನನ್ನ ಕಡೆ ತಿರುಗಿ, "ನೀವೂನು, ಅಮ್ಮೋರೆ."